ಹೆಣ್ಣೇಡಿಯ ಮೊಟ್ಟೆಯೂ ‘ಜೋಯಿಯ’ ವಿವಾದವೂ: ಒಂದು ಸಾಕ್ಷ್ಯವಿಚಾರ

೧

ಹೆಣ್ಣೇಡಿಯು ತನ್ನ ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತು ತಿರುಗುತ್ತದೆಯೆಂಬ ಸಂಗತಿ ಪ್ರಾಚೀನರಿಗೆ ತಿಳಿಯದುದೇನೂ ಅಲ್ಲ. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಏಡಿಯ ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುವ ಹಲಗೆಯಂಥ ಭಾಗವು ಗಂಡಿಗಿಂತ ಹೆಣ್ಣಿನಲ್ಲಿ ಅಗಲವಾಗಿಯೂ ಹೆಚ್ಚು ರೋಮಯುಕ್ತವಾಗಿಯೂ ಇರುವುದನ್ನು ಗುರುತಿಸಿ, ಮೊಟ್ಟೆಗಳನ್ನು ಇಡುವ ಸ್ಥಾನವು ಅದೇ ಎಂಬುದನ್ನೂ ಹೇಳಿದ್ದಾನೆ. ಕಡಲತೀರದ ಬೆಸ್ತರಿಗಂತೂ ಇದನ್ನು ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ. ಬಲೆಗೆ ಬಿದ್ದ ಏಡಿಯನ್ನು ಮಗುಚಿ ನೋಡಿದವರಿಗೆಲ್ಲ ಅದು ಕಣ್ಣೆದುರಿನ ಸಂಗತಿಯಾಗಿದ್ದಿತು.

ಇಷ್ಟಾದರೂ, ಆ ಮೊಟ್ಟೆಯೊಡೆದು ಹೊರಬರುವ ಜೀವಿಯು ಯಾವ ರೂಪದ್ದು ಎಂಬ ಪ್ರಶ್ನೆಗೆ ಆಧಾರಸಹಿತವಾದ ಉತ್ತರವು ದೊರೆತುದು ೧೮೨೭ರಲ್ಲಿ. ದೊರೆತ ಉತ್ತರವನ್ನು ವಿದ್ವತ್‌ಪ್ರಪಂಚವು ಒಪ್ಪಿಕೊಳ್ಳುವುದಕ್ಕೆ ಮತ್ತೂ ಹಲವು ವರ್ಷಗಳು ಹಿಡಿದುವು. ಈ ನಡುವಣ ವಿವಾದದ ಇತಿಹಾಸವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುವೆವು. ಪ್ರಾಣಿಶಾಸ್ತ್ರದ ವಿಷಯವನ್ನು ಇತಿಹಾಸದ ವಿದ್ಯಾರ್ಥಿಗಳ ಮುಂದೆ ಇಡುವುದಕ್ಕೆ ನಮಗಿರುವ ಕಾರಣ ಒಂದೇ. ಈ ವಿವಾದದಲ್ಲಿ ಪರಸ್ಪರ ವಿರುದ್ಧವಾದ ಸಾಕ್ಷ್ಯಗಳನ್ನು ನುಡಿದವರಲ್ಲಿ ಇಬ್ಬರು ತಾವು ಕಂಡುದನ್ನು ಯಥಾರ್ಥವಾಗಿಯೇ ಹೇಳಿದ್ದರು. ಆದರೂ ಒಬ್ಬನ ಮಾತು ಇನ್ನೊಬ್ಬನನ್ನು ಸುಳ್ಳುಗಾರನನ್ನಾಗಿ ಮಾಡುವಂತೆ ಕಾಣುತ್ತಿದ್ದಿತು. ಅಂಥ ಸಂದರ್ಭದಲ್ಲಿ ಸತ್ಯವು ಹೇಗೆ ನಿರ್ಧಾರವಾಯಿತೆಂಬುದು, ಶಾಸನಗಳನ್ನೂ ಬಖೈರುಗಳನ್ನೂ ತೂಗಿ ನೋಡುವ ನಮ್ಮಂಥವರಿಗೆ ಅಪ್ರಕೃತವಾಗಲಾರದು.

೨

ವಿವಾದವನ್ನು ತಿಳಿಯಲು ಹೆಣ್ಣೇಡಿಯ ಶರೀರಧರ್ಮದ ಕೆಲವು ಅಂಶಗಳನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಇಲ್ಲಿ ಹೇಳುವುದು ಇಂದಿನ ತಿಳಿವಳಿಕೆ. ಅಂದಿನವರಿಗೆ ಇದರ ಅಲ್ಪಭಾಗ ಮಾತ್ರ ಗೊತ್ತಿದ್ದಿತು.

ಯುರೋಪಿನ ಪಶ್ಚಿಮ ಕರಾವಳಿಯಲ್ಲಿ ಆಹಾರಕ್ಕಾಗಿ ಹಿಡಿಯುವ ದೊಡ್ಡ ಏಡಿಗೆ ಕ್ಯಾನ್ಸರ್ ಪ್ಯಾಗುರಸ್ ಎಂದು ಹೆಸರು. ಇದರ ಹೆಣ್ಣು ತನ್ನ ಹಳೆಯ ಚಿಪ್ಪನ್ನು ಕಳಚಿ ಮೈ ಮೆತ್ತಗಿರುವ ಸಮಯದಲ್ಲಿ ಗಂಡಿನೊಡನೆ ಕೂಡುತ್ತದೆ. ಆಗ ಪಡೆದ ವೀರ್ಯವನ್ನು ಶರೀರದೊಳಗಣ ಚೀಲಗಳಲ್ಲಿ ತಿಂಗಳುಗಟ್ಟಲೆ ಕಾಪಾಡಿಕೊಳ್ಳಬಲ್ಲುದು. ಈ ನಡುವೆ ಅಂಡಾಶಯದಲ್ಲಿ ಅಂಡಗಳು ಪೋಷಕದ್ರವ್ಯವನ್ನು, ಎಂದರೆ ಮೊಟ್ಟೆಯ ಹಳದಿಯನ್ನು, ತುಂಬಿಕೊಂಡು ಬೆಳೆಯುತ್ತವೆ. ಚಳಿಗಾಲದ ವೇಳೆಗೆ ಮೊಟ್ಟೆಗಳು ಹೊರಬಂದು, ಹೊಟ್ಟೆಯ ಮಡಿಕೆಯಡಿಯಲ್ಲಿರುವ ನಾಲ್ಕು ಜೊತೆ ಕಿರುಗಾಲುಗಳ ರೋಮಗಳಿಗೆ ಗೊಂಚಲುಗೊಂಚಲಾಗಿ ಅಂಟಿಕೊಳ್ಳುತ್ತವೆ. ಅಲ್ಲಿ ಏಳೆಂಟು ತಿಂಗಳುಗಳ ಕಾಲ ತಾಯಿಯು ಅವುಗಳನ್ನು ಹೊತ್ತಿರುತ್ತದೆ. ಮೊದಲು ಕೆಂಪು ಬೆರೆತ ಕಿತ್ತಳೆ ಬಣ್ಣವಾಗಿದ್ದ ಗೊಂಚಲು, ಹಳದಿಯು ವ್ಯಯವಾಗಿ ಒಳಗಣ ಭ್ರೂಣದ ಕಣ್ಣುಗಳು ಕಪ್ಪಾಗುತ್ತ ಬಂದಂತೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ದೊಡ್ಡ ಹೆಣ್ಣು ಹೊರುವ ಮೊಟ್ಟೆಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರುವುದುಂಟು.

ಮೊಟ್ಟೆಯಿಂದ ಹೊರಬರುವ ಜೀವಿಗೂ ತಾಯಿಗೂ ಯಾವ ಹೋಲಿಕೆಯೂ ಇರುವುದಿಲ್ಲ. ಅದರ ಗಾತ್ರ ಸುಮಾರು ಒಂದು ಮಿಲಿಮೀಟರು. ತಲೆಯ ಮೇಲೊಂದು, ಮುಂದೊಂದು ಉದ್ದವಾದ ಮುಳ್ಳು. ಮೈಗೆ ಮೀರಿದ ದೊಡ್ಡ ಕಣ್ಣುಗಳು. ಹಿಂದಕ್ಕೆ ಚಾಚಿದ, ಕವಲೊಡೆದ ಬಾಲ. ಚಿಮಟದಂಥ ಕೊಂಡಿಗಳೇ ಇಲ್ಲ. ಇದು ಕಡಲಿನ ಮೇಲ್ನೀರಿನಲ್ಲಿ ತೇಲುತ್ತ, ಐದು ಸಲ ಜೋಯಿಯ ರೂಪದಲ್ಲಿಯೇ ಹಂತಹಂತವಾಗಿ ಬೆಳೆದು, ಬಳಿಕ ಕೊಂಡಿಯೂ ಬಾಲವೂ ಎರಡೂ ಇರುವ ‘ಮೆಗಲೋಪ’ ಎಂಬ ರೂಪವನ್ನು ತಾಳಿ, ಕಟ್ಟಕಡೆಗೆ ತಳಕ್ಕಿಳಿದು ಎಳೆಯ ಏಡಿಯಾಗುತ್ತದೆ. ತಾಯಿಯನ್ನೂ ಮರಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಅವೆರಡನ್ನೂ ಒಂದೇ ಪ್ರಾಣಿಯೆಂದು ಯಾರೂ ಹೇಳಲಾರರು. ವಿವಾದದ ಬೀಜವಿದ್ದುದು ಇಲ್ಲಿಯೇ.

೩

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಯುರೋಪಿನ ಪ್ರಾಣಿಶಾಸ್ತ್ರವು ಮುಖ್ಯವಾಗಿ ನಾಮಕರಣದ ಶಾಸ್ತ್ರವಾಗಿದ್ದಿತು. ದೂರದ ಕಡಲುಗಳಿಂದ ಬಂದ ಜೀವಿಗಳನ್ನು ಮದ್ಯಸಾರದಲ್ಲಿ ಕಾಪಿಟ್ಟು, ಅವಯವಗಳನ್ನು ಎಣಿಸಿ, ವರ್ಗೀಕರಿಸಿ, ಹೆಸರಿಡುವುದು ವಿದ್ವಾಂಸರ ಕಾರ್ಯ. ಈ ಪದ್ಧತಿಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೀಸೆಯೊಳಗಣ ಜೀವಿಯು ಬೆಳೆಯುವುದಿಲ್ಲ. ಅದು ಹಿಂದೆ ಏನಾಗಿದ್ದಿತು, ಮುಂದೆ ಏನಾಗುತ್ತಿದ್ದಿತು ಎಂಬುದನ್ನು ಅದು ಹೇಳಲಾರದು.

೧೮೦೨ರಲ್ಲಿ ಫ್ರಾನ್ಸಿನ ಬೋಸ್ಕ್ ಎಂಬಾತನು ತೆರೆಗಡಲಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಗೆ ‘ಜೋಯಿಯ’ ಎಂಬ ಹೊಸ ಕುಲನಾಮವನ್ನು ಕೊಟ್ಟನು. ಜೀವವೆಂಬ ಅರ್ಥದ ಗ್ರೀಕ್ ಪದವು ಅದರ ಮೂಲ. ಕೆಲವು ವರ್ಷಗಳ ತರುವಾಯ ಇಂಗ್ಲೆಂಡಿನ ಲೀಚ್ ಎಂಬಾತನು ದೊಡ್ಡ ಕಣ್ಣುಗಳುಳ್ಳ ಇನ್ನೊಂದು ಸಣ್ಣ ಜೀವಿಗೆ ‘ಮೆಗಲೋಪ’ ಎಂಬ ಕುಲನಾಮವನ್ನಿತ್ತನು. ಹೀಗೆ ಒಂದೇ ಪ್ರಾಣಿಯ ಬಾಲ್ಯವೊಂದು ಕುಲವಾಗಿ, ಕೌಮಾರವು ಮತ್ತೊಂದು ಕುಲವಾಗಿ, ಪ್ರೌಢಾವಸ್ಥೆಯು ಮೂರನೆಯ ಕುಲವಾಗಿ ಗ್ರಂಥಗಳಲ್ಲಿ ಬೇರೆಬೇರೆ ಪುಟಗಳನ್ನು ಸೇರಿದುವು. ಒಬ್ಬನೇ ಅರಸನು ಮೂರು ಬಿರುದುಗಳಿಂದ ಮೂರು ಶಾಸನಗಳಲ್ಲಿ ಕಾಣಿಸಿಕೊಂಡಾಗ ಮೂವರು ಅರಸರನ್ನು ಕಲ್ಪಿಸಿ ವಂಶಾವಳಿಯನ್ನು ಬೆಳೆಸುವ ಪ್ರಮಾದಕ್ಕೆ ಇದನ್ನು ಹೋಲಿಸಬಹುದು.

ಇದಕ್ಕೆ ವಿರುದ್ಧವಾದ ಒಂದು ಸುಳಿವು ಆ ಮೊದಲೇ ಇದ್ದಿತು. ಹಾಲೆಂಡಿನ ಮಾರ್ಟಿನಸ್ ಸ್ಲಾಬರನು ಇಂಥ ಮುಳ್ಳುಳ್ಳ ಜೀವಿಯೊಂದನ್ನು ಜೀವಂತವಾಗಿ ಇರಿಸಿಕೊಂಡು, ಅದು ತನ್ನ ರೂಪವನ್ನು ಬದಲಿಸಿದುದನ್ನು ಕಂಡು, ೧೭೭೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಿತ್ರಸಹಿತ ದಾಖಲಿಸಿದ್ದನು. ಆ ಪುಟಗಳನ್ನು ಓದಿದವರು ವಿರಳ. ಓದಿದವರಲ್ಲಿ ಅದರ ಅರ್ಥವನ್ನು ಗ್ರಹಿಸಿದವರು ಇನ್ನೂ ವಿರಳ.

೪

ಅರ್ಥವನ್ನು ಗ್ರಹಿಸಿದಾತನು ಜಾನ್ ವಾನ್ ಥಾಮ್ಸನ್. ಈತನು ೧೭೭೯ರಲ್ಲಿ ಜನಿಸಿ, ಇಂಗ್ಲೆಂಡಿನ ಉತ್ತರದ ಗಡಿಯ ಬೆರಿಕ್ ಪಟ್ಟಣದಲ್ಲಿ ಬೆಳೆದು, ಎಡಿನ್‌ಬರೋದಲ್ಲಿ ವೈದ್ಯವನ್ನು ಅಭ್ಯಾಸಮಾಡಿ, ಬ್ರಿಟಿಷ್ ಸೇನೆಯಲ್ಲಿ ಶಸ್ತ್ರವೈದ್ಯನಾಗಿ ಸೇರಿದನು. ವೆಸ್ಟ್ ಇಂಡೀಸ್, ಮಾರಿಷಸ್, ಮಡಗಾಸ್ಕರ್‌ಗಳಲ್ಲಿ ಸೇವೆ ಸಲ್ಲಿಸಿ ೧೮೧೬ರಲ್ಲಿ ಐರ್‌ಲೆಂಡಿನ ದಕ್ಷಿಣದ ಕಾರ್ಕ್ ನಗರಕ್ಕೆ ಬಂದನು. ನಯವಾದ ಮಸ್ಲಿನ್ ಬಟ್ಟೆಯ ಬಲೆಯನ್ನು ನೀರಿನಲ್ಲಿ ಎಳೆದು, ಅದರಲ್ಲಿ ಸಿಕ್ಕ ಸೂಕ್ಷ್ಮಜೀವಿಗಳನ್ನು ಕಡಲನೀರಿನ ಪಾತ್ರೆಗಳಲ್ಲಿ ಬದುಕಿಸಿಟ್ಟು ನೋಡುವುದು ಆತನ ಅಭ್ಯಾಸವಾಗಿದ್ದಿತು. ಇಂದು ಪ್ಲವಕಜೀವಿಗಳ ಅಧ್ಯಯನಕ್ಕೆ ಅನಿವಾರ್ಯವಾದ ಆ ಬಲೆಯನ್ನು ಬಳಸಿದ ಮೊದಲಿಗರಲ್ಲಿ ಆತನೂ ಒಬ್ಬನು.

೧೮೨೩ರಲ್ಲಿ ಕಾರ್ಕ್ ಬಂದರಿನ ನೀರಿನಲ್ಲಿ ಜೋಯಿಯಗಳು ಆತನ ಬಲೆಗೆ ಬಿದ್ದುವು. ಅವುಗಳನ್ನು ಜೀವಂತವಾಗಿರಿಸಿದಾಗ, ಒಂದು ಜೋಯಿಯವು ಪೊರೆಯನ್ನು ಕಳಚುವ ಯತ್ನದಲ್ಲಿ ಸತ್ತಿತು. ಆದರೆ ಹೊರಬರುತ್ತಿದ್ದ ಹೊಸ ಮೈಯಲ್ಲಿ ಏಡಿಯ ಬಳಗಕ್ಕೆ ಸೇರಿದ ಜೀವಿಗಳ ಕಾಲುಗಳ ರಚನೆಯನ್ನು ಆತನು ಗುರುತಿಸಿದನು. ಇಷ್ಟರಿಂದ ಜೋಯಿಯವು ಪೂರ್ಣಬೆಳೆದ ಪ್ರಾಣಿಯಲ್ಲವೆಂಬ ಊಹೆಗೆ ಬಲ ಬಂದಿತೇ ಹೊರತು, ಅದು ಯಾವ ಪ್ರಾಣಿಯ ಮರಿಯೆಂಬುದು ಸಿದ್ಧವಾಗಲಿಲ್ಲ. ಅದನ್ನು ತಿಳಿಯಲು ಇನ್ನೊಂದು ತುದಿಯಿಂದ ಹೊರಡಬೇಕಾಗಿದ್ದಿತು: ತಾಯಿ ಯಾವುದೆಂಬುದು ನಿಸ್ಸಂದೇಹವಾಗಿರುವ ಮೊಟ್ಟೆಯೊಂದು ಒಡೆಯುವವರೆಗೆ ಕಾಯಬೇಕಾಗಿದ್ದಿತು.

೧೮೨೭ರಲ್ಲಿ ಥಾಮ್ಸನ್ನನು ಮೊಟ್ಟೆ ಹೊತ್ತ ಕ್ಯಾನ್ಸರ್ ಪ್ಯಾಗುರಸ್ ಏಡಿಯನ್ನು ಸಂಪಾದಿಸಿ, ಅದರ ಮೊಟ್ಟೆಗಳು ಒಡೆದಾಗ ಹೊರಬಂದ ಮರಿಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದನು. ಅವು ಜೋಯಿಯಗಳೇ ಆಗಿದ್ದುವು. ಈ ಸಾಕ್ಷ್ಯದ ಸರಳತೆಯನ್ನು ಗಮನಿಸಬೇಕು. ಇದರಲ್ಲಿ ತರ್ಕದ ಕಸರತ್ತಿಲ್ಲ. ತಾಯಿಯ ಗುರುತು ಸಂದೇಹಾತೀತ. ಮೊಟ್ಟೆ ತಾಯಿಯ ಮೈಗೆ ಅಂಟಿದ್ದುದು. ಮರಿ ಮೊಟ್ಟೆಯಿಂದ ಬಂದುದು. ಹೆಣ್ಣೇಡಿಯು ಮೊಟ್ಟೆಗಳನ್ನು ನೀರಿಗೆ ಚೆಲ್ಲಿಬಿಡುವ ಪ್ರಾಣಿಯಾಗಿದ್ದ ಪಕ್ಷದಲ್ಲಿ ಇಂಥ ಪ್ರಮಾಣವು ಆ ಕಾಲದ ಉಪಕರಣಗಳಿಂದ ದೊರೆಯುವುದು ಬಲು ಕಷ್ಟವಾಗುತ್ತಿದ್ದಿತು. ತಾಯಿಯು ಮೊಟ್ಟೆಯನ್ನು ಹೊರುವ ಪ್ರಕೃತಿಧರ್ಮವೇ ಇಲ್ಲಿ ಇತಿಹಾಸಕಾರನಿಗೆ ಮೂಲದಾಖಲೆಯ ಸ್ಥಾನದಲ್ಲಿ ನಿಂತಿತು.

೧೮೨೮ರಿಂದ ಥಾಮ್ಸನ್ನನು ತನ್ನ ಪ್ರಾಣಿಶಾಸ್ತ್ರ ಸಂಶೋಧನೆಗಳನ್ನು ಕಾರ್ಕ್ ನಗರದಲ್ಲಿಯೇ ಅಚ್ಚುಹಾಕಿಸಿ ಬಿಡಿ ಸಂಚಿಕೆಗಳಾಗಿ ಹೊರತಂದನು. ಅದರ ಮೊದಲನೆಯ ಪ್ರಬಂಧದ ವಿಷಯವೇ ಜೋಯಿಯ. ೧೮೩೦ರ ಸಂಚಿಕೆಯಲ್ಲಿ, ಹಡಗಿನ ತಳಕ್ಕೂ ಬಂಡೆಗೂ ಅಂಟಿಕೊಂಡಿರುವ, ಅದುವರೆಗೆ ಚಿಪ್ಪುಹುಳುಗಳ ಗುಂಪಿಗೆ ಸೇರಿದುದೆಂದು ಎಣಿಸಿದ್ದ ಬಾರ್ನಕಲ್ ಎಂಬ ಜೀವಿಯು ಏಡಿ ಸಿಗಡಿಗಳ ಬಳಗವಾದ ಕ್ರಸ್ಟೇಷಿಯಕ್ಕೆ ಸೇರಿದುದೆಂದು ಅದರ ಎಳೆಯ ರೂಪಗಳ ಆಧಾರದಿಂದಲೇ ತೋರಿಸಿಕೊಟ್ಟನು.

೫

ಥಾಮ್ಸನ್ನನಿಗೆ ಎದುರಾದ ಮೊದಲ ಆಕ್ಷೇಪವು ಜರ್ಮನ್ ವಿದ್ವಾಂಸನಾದ ಹೈನ್ರಿಖ್ ರಾಥ್ಕೆಯ ಗ್ರಂಥದ ರೂಪದಲ್ಲಿ ಬಂದಿತು. ೧೮೨೯ರಲ್ಲಿ ರಾಥ್ಕೆಯು ನದಿಯಲ್ಲಿ ವಾಸಿಸುವ ಕ್ರೇಫಿಷ್ ಎಂಬ ಪ್ರಾಣಿಯ ಮೊಟ್ಟೆಯ ಬೆಳವಣಿಗೆಯನ್ನು ಮೊದಲಿನಿಂದ ಕೊನೆಯವರೆಗೆ ವರ್ಣಿಸಿ ಪ್ರಕಟಿಸಿದನು. ಕ್ರೇಫಿಷ್ ಏಡಿಯ ಬಂಧುವರ್ಗಕ್ಕೆ ಸೇರಿದ್ದು. ಅದರ ಹೆಣ್ಣೂ ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊರುತ್ತದೆ. ಆ ಮೊಟ್ಟೆಯಿಂದ ಬರುವುದು ಜೋಯಿಯವಲ್ಲ. ಗಾತ್ರವೊಂದನ್ನು ಬಿಟ್ಟರೆ ಬಹುಮಟ್ಟಿಗೆ ತಾಯಿಯನ್ನೇ ಹೋಲುವ ಮರಿ. ರಾಥ್ಕೆಯ ಅವಲೋಕನವು ಅತ್ಯಂತ ಎಚ್ಚರಿಕೆಯಿಂದ ಕೂಡಿದ್ದು, ಭ್ರೂಣಶಾಸ್ತ್ರದಲ್ಲಿ ಆದರ್ಶಪ್ರಾಯವೆಂದು ಪರಿಗಣಿತವಾಯಿತು.

ಎರಡನೆಯ ಆಕ್ಷೇಪ ಲಂಡನ್ನಿನದು. ಕೀಟಶಾಸ್ತ್ರಜ್ಞನಾದ ಜಾನ್ ಒಬದಾಯ ವೆಸ್ಟ್‌ವುಡ್, ಮುಂದೆ ೧೮೬೧ರಲ್ಲಿ ಆಕ್ಸ್‌ಫರ್ಡಿನ ಮೊದಲನೆಯ ಹೋಪ್ ಪ್ರಾಧ್ಯಾಪಕನಾದವನು, ಗೆಕಾರ್ಸಿನಸ್ ಎಂದು ತಾನು ಹೆಸರಿಸಿದ ನೆಲದೇಡಿಯ ಮೊಟ್ಟೆಗಳನ್ನೂ ಮರಿಗಳನ್ನೂ ಪರೀಕ್ಷಿಸಿದನು. ಅವುಗಳಲ್ಲಿ ಕಂಡುದು ಏಡಿಯ ಆಕಾರವೇ. ಇದರ ಆಧಾರದ ಮೇಲೆ, ಕ್ರಸ್ಟೇಷಿಯಗಳಲ್ಲಿ ರೂಪಪರಿವರ್ತನೆಯಿದೆಯೆಂಬ ವಾದವನ್ನೇ ಸಂದೇಹಿಸುವ ಪ್ರಬಂಧವನ್ನು ಆತನು ರಾಯಲ್ ಸೊಸೈಟಿಯ ಮುಂದಿಟ್ಟನು. ಅದು ೧೮೩೫ರ ಸಂಪುಟದಲ್ಲಿ ಅಚ್ಚಾಯಿತು. ಅದೇ ಸಂಪುಟದಲ್ಲಿ, ಕೆಲವೇ ಪುಟಗಳ ಅಂತರದಲ್ಲಿ, ದಡದೇಡಿಯ ಎರಡು ಹಂತಗಳ ರೂಪಪರಿವರ್ತನೆಯನ್ನು ನಿರೂಪಿಸುವ ಥಾಮ್ಸನ್ನನ ಕಿರುಪ್ರಬಂಧವೂ ಪ್ರಕಟವಾಯಿತು. ಜೋಯಿಯವು ಮೆಗಲೋಪವಾಗಿ, ಮೆಗಲೋಪವು ಏಡಿಯಾಗುತ್ತದೆಯೆಂಬುದು ಅದರ ಸಾರ. ಒಂದೇ ಸಂಸ್ಥೆಯ ಒಂದೇ ಸಂಪುಟದಲ್ಲಿ ವಾದವೂ ಪ್ರತಿವಾದವೂ ಅಕ್ಕಪಕ್ಕದಲ್ಲಿ ನಿಂತ ನಿದರ್ಶನವಿದು.

ಥಾಮ್ಸನ್ನನಿಗೆ ತಕ್ಷಣದ ಮನ್ನಣೆ ದೊರೆಯದೆ ಹೋದುದೇಕೆ? ರಾಜಧಾನಿಯ ವಿದ್ವಾಂಸರು ದೂರದ ಬಂದರಿನ ಸೇನಾವೈದ್ಯನೊಬ್ಬನನ್ನು ಉಪೇಕ್ಷಿಸಿದರೆಂದು ಹೇಳಿ ಮುಗಿಸುವುದು ಸುಲಭ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಪ್ರಾಂತಪಟ್ಟಣದಲ್ಲಿ ಅಚ್ಚಾದ ಬಿಡಿ ಸಂಚಿಕೆಗಳು ಎಲ್ಲರ ಕೈಗೂ ಸಿಕ್ಕುವಂಥವಾಗಿರಲಿಲ್ಲ. ಆದರೆ ಅದಕ್ಕಿಂತ ಪ್ರಬಲವಾದ ಎರಡು ಕಾರಣಗಳು ನಮಗೆ ತೋರುತ್ತವೆ. ಮೊದಲನೆಯದಾಗಿ, ೧೮೩೫ರವರೆಗೆ ಆತನ ಸಾಕ್ಷ್ಯದ ಸರಪಣಿಯಲ್ಲಿ ನಡುವಣ ಕೊಂಡಿಯಿರಲಿಲ್ಲ. ಮೊಟ್ಟೆಯಿಂದ ಜೋಯಿಯ ಬಂದುದನ್ನು ಒಂದು ಏಡಿಯಲ್ಲಿ ಕಂಡಿದ್ದನು. ಜೋಯಿಯವು ರೂಪ ಬದಲಿಸತೊಡಗಿದುದನ್ನು ಇನ್ನೊಂದು ಜೀವಿಯಲ್ಲಿ ಕಂಡಿದ್ದನು. ಮೊಟ್ಟೆಯಿಂದ ಏಡಿಯವರೆಗಿನ ಇಡೀ ದಾರಿಯನ್ನು ಕಂಡಿರಲಿಲ್ಲ. ಎರಡನೆಯದಾಗಿ, ತಾನು ಕೆಲವು ಜೀವಿಗಳಲ್ಲಿ ಕಂಡುದನ್ನು ಕ್ರಸ್ಟೇಷಿಯ ವರ್ಗಕ್ಕೆಲ್ಲ ಅನ್ವಯಿಸುವ ನಿಯಮದಂತೆ ಆತನು ಮುಂದಿಟ್ಟನು. ನಿಯಮವು ಸರ್ವವ್ಯಾಪಿಯೆಂದು ಹೇಳಿದೊಡನೆ ಒಂದೇ ಒಂದು ವಿರುದ್ಧ ನಿದರ್ಶನವು ಅದನ್ನು ಉರುಳಿಸಲು ಸಾಕಾಗುತ್ತದೆ. ರಾಥ್ಕೆಯ ಕ್ರೇಫಿಷ್ ಅಂಥ ನಿದರ್ಶನವಾಗಿ ಸಿದ್ಧವಾಗಿ ನಿಂತಿದ್ದಿತು.

ಪ್ರತಿವಾದಿಗಳೂ ಇದೇ ದೋಷಕ್ಕೆ ಗುರಿಯಾದರು. ಒಂದು ನದಿಯ ಪ್ರಾಣಿಯ ಮತ್ತು ಒಂದು ನೆಲದೇಡಿಯ ಮಾದರಿಯ ಆಧಾರದ ಮೇಲೆ ಕಡಲಿನ ಏಡಿಗಳೆಲ್ಲವನ್ನೂ ಕುರಿತು ತೀರ್ಮಾನ ಹೊರಟಿತು. ಗೆಕಾರ್ಸಿನಸ್ ಕುಲದ ಏಡಿಗಳು ನೆಲದಲ್ಲಿ ಬಾಳಿದರೂ ಅವುಗಳ ಹೆಣ್ಣುಗಳು ಮೊಟ್ಟೆಯೊಡೆಯುವ ಸಮಯಕ್ಕೆ ಕಡಲಿಗಿಳಿದು ಮರಿಗಳನ್ನು ಜೋಯಿಯ ರೂಪದಲ್ಲಿಯೇ ಬಿಡುತ್ತವೆಯೆಂಬುದು ಈಗ ಸ್ಥಾಪಿತವಾದ ವಿಷಯ. ಆದುದರಿಂದ ವೆಸ್ಟ್‌ವುಡ್ಡನು ಪರೀಕ್ಷಿಸಿದ ಮಾದರಿಯು ಆ ಕುಲಕ್ಕೇ ಸೇರಿದ್ದಿತೇ ಎಂದು ಸಂದೇಹಪಡಲು ಅವಕಾಶವಿದೆ. ಸಿಹಿನೀರಿನ ಯಾವುದೋ ಏಡಿಯು ಆ ಹೆಸರಿನಿಂದ ಆತನ ಕೈಸೇರಿದ್ದಿರಬೇಕೆಂದು ನಾವು ಊಹಿಸುತ್ತೇವೆ. ಆತನ ಕಣ್ಣು ತಪ್ಪಲಿಲ್ಲ. ಸೀಸೆಯ ಮೇಲಿನ ಹೆಸರು ತಪ್ಪಿತು. ದಾನಶಾಸನದ ಒಕ್ಕಣೆಯನ್ನು ಸರಿಯಾಗಿ ಓದಿ, ಅದು ಸಿಕ್ಕಿದ ಊರನ್ನು ತಪ್ಪಾಗಿ ನಮೂದಿಸಿದಾಗ ಉಂಟಾಗುವ ಅನರ್ಥಕ್ಕೆ ಇದು ಸಮಾನ.

೬

ಥಾಮ್ಸನ್ನನು ೧೮೩೫ರ ತರುವಾಯ ಐರ್‌ಲೆಂಡಿನಲ್ಲಿ ಉಳಿಯಲಿಲ್ಲ. ಸರ್ಕಾರಿ ವೈದ್ಯಾಧಿಕಾರಿಯಾಗಿ ಆಸ್ಟ್ರೇಲಿಯದ ಸಿಡ್ನಿಗೆ ತೆರಳಿದ ಆತನು ೧೮೪೭ರಲ್ಲಿ ಅಲ್ಲಿಯೇ ತೀರಿಕೊಂಡನು. ೧೮೩೬ರಲ್ಲಿ ಪ್ರಕಟವಾದ ಆತನ ಇನ್ನೊಂದು ಪ್ರಬಂಧವು, ಆತನ ಕಾರ್ಯವಿಧಾನವು ಎಷ್ಟು ಫಲಕಾರಿಯಾಗಿದ್ದಿತೆಂಬುದನ್ನು ಮತ್ತೊಮ್ಮೆ ತೋರಿಸುತ್ತದೆ. ದಡದೇಡಿಯ ಹೊಟ್ಟೆಯಡಿಯಲ್ಲಿ, ಮೊಟ್ಟೆಗಳಿರಬೇಕಾದ ಸ್ಥಾನದಲ್ಲಿಯೇ, ಕೆಲವೊಮ್ಮೆ ಹಳದಿ ಬಣ್ಣದ ಚೀಲವೊಂದು ಕಾಣಸಿಗುತ್ತದೆ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ಬಾಯಿಲ್ಲ. ಥಾಮ್ಸನ್ನನು ಆ ಚೀಲದಿಂದ ಹೊರಬಿದ್ದ ಮರಿಗಳನ್ನು ನೋಡಿ, ಅವು ಕ್ರಸ್ಟೇಷಿಯದ ಮರಿಗಳೆಂದು ಗುರುತಿಸಿ, ಅದು ಬಾರ್ನಕಲ್‌ಗಳಿಗೆ ಹತ್ತಿರದ ಪರಾವಲಂಬಿಯೆಂದು ನಿರ್ಧರಿಸಿ, ‘ಸ್ಯಾಕ್ಯುಲೈನ’ ಎಂದು ಹೆಸರಿಟ್ಟನು. ಆ ಹೆಸರು ಇಂದಿಗೂ ಉಳಿದಿದೆ. ಈ ಪರಾವಲಂಬಿಯು ಹೊಕ್ಕ ಏಡಿಯು ಸಂತಾನಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೆಣ್ಣೇಡಿಯು ಆ ಚೀಲವನ್ನು ತನ್ನ ಮೊಟ್ಟೆಯೆಂಬಂತೆ ಶುಚಿಗೊಳಿಸಿ ಕಾಪಾಡುತ್ತದೆ. ಗಂಡೇಡಿಯ ಹೊಟ್ಟೆಯ ಮಡಿಕೆಯೂ ಹೆಣ್ಣಿನದರಂತೆ ಅಗಲವಾಗುತ್ತದೆ. ಫ್ರಾನ್ಸಿನ ಆಲ್ಫ್ರೆಡ್ ಜಿಯಾರ್ ೧೮೮೭ರಲ್ಲಿ ಇದನ್ನು ‘ಪರಾವಲಂಬಿಕೃತ ನಿರ್ವೀರ್ಯತೆ’ ಎಂಬ ಅರ್ಥದ ಹೆಸರಿನಿಂದ ವಿವರಿಸಿದನು. ಹೊರನೋಟಕ್ಕೆ ಮೊಟ್ಟೆಯಂತಿದ್ದುದು ಮೊಟ್ಟೆಯಾಗಿರಲಿಲ್ಲ. ನಿರ್ಣಯ ಕೊಟ್ಟುದು, ಹಿಂದಿನಂತೆಯೇ, ಅದರಿಂದ ಹೊರಬಂದ ಮರಿ.

ಥಾಮ್ಸನ್ನನ ಪಕ್ಷಕ್ಕೆ ಬೆಂಬಲವು ಕ್ರಮಕ್ರಮವಾಗಿ ಒದಗಿತು. ೧೮೩೯ರಲ್ಲಿ ನೌಕಾಪಡೆಯ ಕ್ಯಾಪ್ಟನ್ ಡ್ಯು ಕೇನನು ಸಿಗಡಿಗಳಲ್ಲಿಯೂ ದಡದೇಡಿಯಲ್ಲಿಯೂ ಮರಿಗಳು ತಾಯಿಯಿಂದ ಭಿನ್ನವಾಗಿ ಹುಟ್ಟುವುದನ್ನು ವರದಿಮಾಡಿದನು. ಕಾರ್ನ್‌ವಾಲಿನ ವೈದ್ಯನಾದ ರಿಚರ್ಡ್ ಕ್ವಿಲ್ಲರ್ ಕೌಚನು ೧೮೪೩ರಲ್ಲಿ ಹಲವು ಬಗೆಯ ಏಡಿಗಳ ಮೊಟ್ಟೆಗಳನ್ನು ಒಡೆಯಿಸಿ ನೋಡಿ ಅದನ್ನೇ ಸಮರ್ಥಿಸಿದನು. ಎಲ್ಲಕ್ಕಿಂತ ಗಮನಾರ್ಹವಾದುದು ರಾಥ್ಕೆಯ ನಡತೆ. ಆತನು ಕಡಲಿನ ಜಾತಿಗಳನ್ನು ಸ್ವತಃ ಪರೀಕ್ಷಿಸಿ, ೧೮೪೦ರ ವೇಳೆಗೆ, ಅವುಗಳಲ್ಲಿ ರೂಪಪರಿವರ್ತನೆಯುಂಟೆಂದು ಒಪ್ಪಿಕೊಂಡನು. ತನ್ನ ಹೆಸರನ್ನು ಮೆರೆಸಿದ ಗ್ರಂಥದಿಂದ ಇತರರು ತೆಗೆದ ತೀರ್ಮಾನವನ್ನು ತಾನೇ ತಿದ್ದಿದ ಈ ವಿದ್ವಾಂಸನ ಪ್ರಾಮಾಣಿಕತೆಯು ಸ್ಮರಣೀಯ. ಕಡೆಗೆ ೧೮೫೮ರಲ್ಲಿ ಸ್ಪೆನ್ಸ್ ಬೇಟನು ದಡದೇಡಿಯ ಬೆಳವಣಿಗೆಯನ್ನು ಹಂತಹಂತವಾಗಿ ಚಿತ್ರಿಸಿ ರಾಯಲ್ ಸೊಸೈಟಿಯ ಸಂಪುಟದಲ್ಲಿಯೇ ಪ್ರಕಟಿಸಿದನು. ಇಪ್ಪತ್ತಮೂರು ವರ್ಷಗಳ ಹಿಂದೆ ವಾದಪ್ರತಿವಾದಗಳು ಒಟ್ಟಿಗೆ ಅಚ್ಚಾದ ಅದೇ ಸಂಪುಟಮಾಲೆಯಲ್ಲಿ ವಿವಾದವು ಮುಕ್ತಾಯಗೊಂಡಿತೆನ್ನಬಹುದು. ೧೮೬೪ರಲ್ಲಿ ಬ್ರೆಜಿಲಿನಲ್ಲಿ ನೆಲಸಿದ್ದ ಫ್ರಿಟ್ಸ್ ಮ್ಯುಲ್ಲರನು ಡಾರ್ವಿನ್ನನ ವಾದಕ್ಕೆ ಬೆಂಬಲವಾಗಿ ಬರೆದ ಗ್ರಂಥದಲ್ಲಿ ಈ ಎಳೆಯ ರೂಪಗಳೇ ಪ್ರಮಾಣಗಳಾಗಿ ನಿಂತುವು.

ಹಾಗಾದರೆ ಕ್ರೇಫಿಷ್‌ಗೂ ಕಡಲೇಡಿಗೂ ಈ ಭೇದ ಏತಕ್ಕೆ? ಉತ್ತರವು ತಾಯಿಯ ಅಂಡಾಶಯದಲ್ಲಿದೆ. ಕಡಲೇಡಿಯು ಲಕ್ಷಾಂತರ ಸಣ್ಣ ಮೊಟ್ಟೆಗಳನ್ನು ಹೊರುತ್ತದೆ. ಒಂದೊಂದರಲ್ಲಿಯೂ ಇರುವ ಹಳದಿಯು ಅಲ್ಪ. ಅದು ತೀರಿದೊಡನೆ ಮರಿಯು ಅರ್ಧಬೆಳೆದ ರೂಪದಲ್ಲಿಯೇ ಹೊರಬಿದ್ದು ಕಡಲಿನ ಮೇಲ್ನೀರಿನಲ್ಲಿ ಆಹಾರವನ್ನು ಹುಡುಕಿಕೊಳ್ಳಬೇಕು. ಹರಿಯುವ ಹೊಳೆಯಲ್ಲಿ ಅಂಥ ಮರಿಯು ಕೊಚ್ಚಿಹೋಗುವುದು ನಿಶ್ಚಯ. ಆದುದರಿಂದ ಸಿಹಿನೀರಿನ ತಾಯಿಯು ಕೆಲವೇ ಮೊಟ್ಟೆಗಳನ್ನಿಟ್ಟು, ಒಂದೊಂದಕ್ಕೂ ಸಮೃದ್ಧವಾದ ಹಳದಿಯನ್ನು ತುಂಬುತ್ತದೆ. ರೂಪಪರಿವರ್ತನೆಯ ಹಂತಗಳು ಮೊಟ್ಟೆಯೊಳಗೇ ಕಳೆದುಹೋಗುತ್ತವೆ. ಥಾಮ್ಸನ್ನನೂ ರಾಥ್ಕೆಯೂ ಕಂಡುದು ಒಂದೇ ಸಮಸ್ಯೆಗೆ ಎರಡು ಬಗೆಯ ತಾಯಂದಿರು ಕಂಡುಕೊಂಡ ಎರಡು ಪರಿಹಾರಗಳನ್ನು.

೭

ಈ ಜ್ಞಾನವು ವಿದ್ವತ್‌ಸಭೆಗಳಲ್ಲಿಯೇ ನಿಲ್ಲಲಿಲ್ಲ. ರೈಲುಮಾರ್ಗಗಳ ದೆಸೆಯಿಂದ ಇಂಗ್ಲೆಂಡಿನ ಒಳನಾಡಿಗೂ ಕಡಲಿನ ಆಹಾರವು ತಲಪತೊಡಗಿದ ಮೇಲೆ ಏಡಿ ಹಿಡಿಯುವ ಉದ್ಯಮವು ಬೆಳೆದು, ಏಡಿಗಳು ಕ್ಷೀಣಿಸುತ್ತಿವೆಯೆಂಬ ದೂರುಗಳು ಎದ್ದುವು. ಫ್ರಾಂಕ್ ಬಕ್ಲೆಂಡ್ ಮತ್ತು ಸ್ಪೆನ್ಸರ್ ವಾಲ್‌ಪೋಲ್ ಎಂಬ ಅಧಿಕಾರಿಗಳು ಕರಾವಳಿಯ ಬೆಸ್ತರಿಂದ ಹೇಳಿಕೆಗಳನ್ನು ಪಡೆದು ವರದಿ ಸಲ್ಲಿಸಿದರು. ೧೮೭೭ರಲ್ಲಿ ಸಿಂಪಿ, ಏಡಿ, ಲಾಬ್‌ಸ್ಟರ್‌ಗಳ ಮೀನುಗಾರಿಕೆಯನ್ನು ಕುರಿತ ಕಾಯಿದೆಯು ಜಾರಿಗೆ ಬಂದಿತು. ಬೆನ್ನಿನ ಅಗಲ ೪¼ ಅಂಗುಲಕ್ಕಿಂತ ಕಡಮೆಯಿರುವ ಏಡಿ, ಹೊಟ್ಟೆಯಡಿಯಲ್ಲಿ ಮೊಟ್ಟೆ ಹೊತ್ತ ಏಡಿ, ಆಗತಾನೆ ಚಿಪ್ಪು ಕಳಚಿದ ಏಡಿ — ಈ ಮೂರನ್ನೂ ಹಿಡಿಯುವುದು ಮಾರುವುದು ನಿಷಿದ್ಧವಾಯಿತು. ಮೊಟ್ಟೆ ಹೊತ್ತ ಏಡಿಗೆ ಬೇರೆಬೇರೆ ತೀರಗಳಲ್ಲಿ ಬೆಸ್ತರು ಬಳಸುತ್ತಿದ್ದ ಆಡುಮಾತಿನ ಹೆಸರುಗಳೂ ಆ ಕಾಯಿದೆಯಲ್ಲಿ ಸೇರಿರುವುದು ಇತಿಹಾಸಕಾರನ ಗಮನಕ್ಕೆ ಅರ್ಹವಾದ ಸಂಗತಿ. ೧೯೬೭ರ ಕಾಯಿದೆಯಲ್ಲಿಯೂ ಈ ರಕ್ಷಣೆಯು ಮುಂದುವರಿಯಿತು.

ಶಾಸನವು ಉದ್ದೇಶಿಸಿದುದಕ್ಕೂ ಪ್ರಕೃತಿಯು ನಡೆದುಕೊಳ್ಳುವುದಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ಈ ಜಾತಿಯ ಹೆಣ್ಣು ಮೊಟ್ಟೆ ಹೊತ್ತಿರುವ ತಿಂಗಳುಗಳಲ್ಲಿ ಆಹಾರವನ್ನು ತೆಗೆದುಕೊಳ್ಳುವುದು ಬಹಳ ಕಡಮೆ. ತಳದ ಮರಳಿನಲ್ಲಿ ಹುದುಗಿರುವ ಅದು, ಎರೆಯಿಟ್ಟ ಬುಟ್ಟಿಯೊಳಕ್ಕೆ ಬರುವುದೇ ಅಪರೂಪ. ಆದುದರಿಂದ ಮೊಟ್ಟೆ ಹೊತ್ತ ಏಡಿಗೆ ಕಾಯಿದೆಯು ಕೊಟ್ಟ ಅಭಯವನ್ನು ಪ್ರಕೃತಿಯು ಬಹುಮಟ್ಟಿಗೆ ಮೊದಲೇ ಕೊಟ್ಟಿದ್ದಿತು. ಮುಂದಿನ ಚಳಿಗಾಲದಲ್ಲಿ ಮೊಟ್ಟೆಯಿಡಲಿರುವ, ಈಗ ಬರಿಹೊಟ್ಟೆಯಂತೆ ಕಾಣುವ ಹೆಣ್ಣಿಗೆ ಅಳತೆಯ ನಿಯಮವೊಂದನ್ನು ಬಿಟ್ಟರೆ ಬೇರೆ ರಕ್ಷಣೆಯಿರಲಿಲ್ಲ. ಕಣ್ಣಿಗೆ ಕಾಣುವ ಮೊಟ್ಟೆಗಷ್ಟೇ ಕಾಯಿದೆಯ ದೃಷ್ಟಿ ತಲಪಿತು. ಅಂಡಾಶಯದಲ್ಲಿ ಬೆಳೆಯುತ್ತಿರುವ ಅಂಡವು ಅದಕ್ಕೆ ಗೋಚರವಾಗಲಿಲ್ಲ.

ಅಗೋಚರವಾದ ಆ ಬೆಳವಣಿಗೆಯನ್ನು ಅರಿಯುವ ಯತ್ನವು ಇಪ್ಪತ್ತನೆಯ ಶತಮಾನದ ಕಾರ್ಯವಾಯಿತು. ೧೯೪೩ರಲ್ಲಿ ಫ್ರಾನ್ಸಿನ ಪಾನೂಸ್ ಎಂಬಾತನು 
ಸಿಗಡಿಯ ಕಣ್ಣಿನ ಕಾಂಡವನ್ನು ತೆಗೆದುಹಾಕಿದರೆ ಅಂಡಾಶಯವು ಅಕಾಲದಲ್ಲಿ ಬೆಳೆಯತೊಡಗುವುದನ್ನು ತೋರಿಸಿದನು. ಅಂಡದ ಬೆಳವಣಿಗೆಯನ್ನು ತಡೆದಿಡುವ ದ್ರವ್ಯವೊಂದು ಕಣ್ಣಿನ ಕಾಂಡದಿಂದ ಒಸರುತ್ತದೆಯೆಂಬುದು ಇದರಿಂದ ತಿಳಿದುಬಂದಿತು. ಏಡಿಗಳಲ್ಲಿಯೂ ಇದೇ ಬಗೆಯ ನಿಯಂತ್ರಣವುಂಟೆಂಬುದು ತರುವಾಯದ ಸಂಶೋಧನೆಗಳಿಂದ ಸ್ಥಿರಪಟ್ಟಿತು.

೮

ಥಾಮ್ಸನ್ ಮತ್ತು ರಾಥ್ಕೆಯರ ವಿವಾದದ ಎರಡು ಪಕ್ಷಗಳನ್ನೂ ನಮ್ಮ ನಾಡಿನ ವಿದ್ಯಾರ್ಥಿಯು ಕಣ್ಣಾರೆ ಕಾಣಬಲ್ಲನು. ಮಲೆನಾಡಿನ ಹಳ್ಳಗಳಲ್ಲಿಯೂ ಗದ್ದೆಯ ಬದುಗಳಲ್ಲಿಯೂ ಬಿಲ ತೋಡಿಕೊಂಡಿರುವ ಸಿಹಿನೀರಿನ ಏಡಿಗಳ ಹೆಣ್ಣನ್ನು ತಕ್ಕ ಕಾಲದಲ್ಲಿ ಮಗುಚಿ ನೋಡಿದರೆ, ಹೊಟ್ಟೆಯ ಮಡಿಕೆಯೊಳಗೆ ಕಾಲು ಕೊಂಡಿಗಳು ಮೂಡಿದ ಪುಟ್ಟ ಏಡಿಮರಿಗಳೇ ಇರುತ್ತವೆ. ಇಂಥ ಭಾರತೀಯ ಏಡಿಗಳನ್ನು ಆಲ್ಕಾಕನು ೧೯೧೦ರ ತನ್ನ ಪಟ್ಟಿಕೆಯಲ್ಲಿ ವಿವರಿಸಿದ್ದಾನೆ. ಘಟ್ಟವನ್ನಿಳಿದು ಕರಾವಳಿಗೆ ಬಂದರೆ, ಅಲ್ಲಿಯ ಅಳಿವೆಗಳ ಮತ್ತು ಕಡಲಿನ ಏಡಿಗಳ ಮೊಟ್ಟೆಗಳಿಂದ ಹೊರಬರುವುದು ಜೋಯಿಯ. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ದೊರೆಯುವ ಸ್ಕಿಲ್ಲ ಸೆರಾಟ ಮತ್ತು ನೆಪ್ಚೂನಸ್ ಸಾಂಗ್ವಿನೊಲೆಂಟಸ್ ಎಂಬ ಎರಡು ಏಡಿಗಳ ಮೊದಮೊದಲ ಬೆಳವಣಿಗೆಯನ್ನು ಕುರಿತು ಕೆ. ಜಿ. ರಾಜಾಬಾಯಿ ನಾಯ್ಡು ಅವರು ೧೯೫೫ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಪರಂಪರೆಗೆ ಸೇರಿದುದು. ಮಲೆನಾಡಿನವನೊಬ್ಬನೂ ಕರಾವಳಿಯವನೊಬ್ಬನೂ ತಾವು ಕಂಡುದನ್ನೇ ಸಕಲ ಏಡಿಗಳ ನಿಯಮವೆಂದು ಹಟ ಹಿಡಿದರೆ, ೧೮೩೫ರ ವಿವಾದವು ಇಲ್ಲಿಯೂ ಮರುಹುಟ್ಟು ಪಡೆಯುತ್ತದೆ.

ಮೇಲಿನ ಪರಿಶೀಲನೆಯಿಂದ ಎರಡು ವಿಷಯಗಳು ಸ್ಪಷ್ಟಪಡುತ್ತವೆ. ಇಬ್ಬರು ಪ್ರಾಮಾಣಿಕ ಸಾಕ್ಷಿಗಳ ಮಾತುಗಳು ಪರಸ್ಪರ ಹೊಂದದೆ ಹೋದಾಗ, ಅವರಲ್ಲೊಬ್ಬನು ತಪ್ಪಿದ್ದಾನೆಂದು ಆತುರಪಡುವುದಕ್ಕೆ ಮುಂಚೆ, ಇಬ್ಬರೂ ಒಂದೇ ವಸ್ತುವನ್ನು ಕುರಿತು ಹೇಳುತ್ತಿದ್ದಾರೆಯೇ ಎಂಬುದನ್ನು ವಿಚಾರಿಸಬೇಕು. ಸಾಕ್ಷಿಯು ಕಂಡ ಸಂಗತಿಯನ್ನು ಒಪ್ಪುವುದೂ, ಆ ಸಂಗತಿಯಿಂದ ಆತನು ತೆಗೆದ ಸಾಮಾನ್ಯ ನಿಯಮವನ್ನು ಒಪ್ಪುವುದೂ ಬೇರೆಬೇರೆ ಕಾರ್ಯಗಳು. ಎರಡನೆಯದಾಗಿ, ದಾಖಲೆಗೆ ಅದರ ಮೂಲಸ್ಥಾನದೊಡನೆ ಇರುವ ಸಂಬಂಧವು ಕಡಿದುಹೋದರೆ ಅತ್ಯುತ್ತಮ ವಿದ್ವಾಂಸನೂ ದಾರಿ ತಪ್ಪಬಹುದು. ವೆಸ್ಟ್‌ವುಡ್ಡನ ಕೈಯಲ್ಲಿದ್ದುದು ಹೆಸರಿನ ಚೀಟಿ ಹಚ್ಚಿದ ಮಾದರಿ; ಥಾಮ್ಸನ್ನನ ಕೈಯಲ್ಲಿದ್ದುದು ಮೊಟ್ಟೆಯ ಗೊಂಚಲನ್ನು ಇನ್ನೂ ಬಿಡದೆ ಹಿಡಿದಿದ್ದ ಜೀವಂತ ತಾಯಿ. ಅವರಿಬ್ಬರ ತೀರ್ಮಾನಗಳ ಬೆಲೆಯಲ್ಲಿ ಉಂಟಾದ ಅಂತರಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.